ಕೊನೆಗೆ ಹತ್ತಿದ ಪೆಟ್ಟಿಗೆ

ಪ್ರದ್ಯುಮ್ನ ತನ್ನ ಗಾಲಿಯ ಮೇಲಿನ ಮನೆ, ಪುಟ್ಟ ಮೋಟರ್‌ಹೋಮಿನ ಫೋಟೋವನ್ನು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಹಾಕಲೇಬೇಕು ಅನ್ನಿಸಿದರೆ ಮುಂಭಾಗದ್ದು ಹಾಕಬಹುದಿತ್ತು. ಅವನು ಹಿಂಭಾಗದ್ದು ಹಾಕಿದ. ಬಂಪರಿನ ಕೆಳಗೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು, ಹೊಸ ಹಲ್ಲುಸೆಟ್ಟು ಕಟ್ಟಿಸಿಕೊಂಡವರ ನಗುವಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಸಂಘದ ನೂರಾ ನಲವತ್ತು ಮನೆಗಳಲ್ಲಿ ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದವರು ಇಂದುಮತಿ ಆಂಟಿ ಒಬ್ಬರೇ.

“ಪ್ರದ್ಯುಮ್ನ, ಹಿಂದೆ ಗುಂಡು ಇದೆಯಲ್ಲಪ್ಪ! ಹಾಗಾದ್ರೆ ನಮ್ಮ ಗಣಪತಿ ಪ್ರಯಾಣಕ್ಕೆ ವ್ಯವಸ್ಥೆ ಆಯ್ತು,” ಎಂದು ಬರೆದರು. ಕೆಳಗೆ ಮೂವತ್ತೆರಡು ಜನ ಕೈಮುಗಿದರು. ಮೂವತ್ತೆರಡು ಜನ ಕೈಮುಗಿದ ಮೇಲೆ ಆಗಲ್ಲ ಅನ್ನುವ ಧೈರ್ಯ ಪ್ರದ್ಯುಮ್ನನಿಗೆ ಹುಟ್ಟಿನಿಂದಲೂ ಇರಲಿಲ್ಲ.

ವಿಷಯ ಇಷ್ಟು. ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನಲ್ಲಿ ಕನ್ನಡಿಗರೆಲ್ಲ ಸೇರಿ ಹೊಸದಾಗಿ ಒಂದು ಸಭಾಂಗಣ ಕಟ್ಟಿದ್ದರು. ಅಲ್ಲಿಗೆ ಊರಿನಿಂದ ತರಿಸಿದ ಗಣಪತಿ ನಾಲ್ಕು ತಿಂಗಳು ಹಡಗಿನಲ್ಲಿ ತೇಲಿ, ಡಾಲಸ್ ಪಕ್ಕದ ಫ್ಲವರ್ ಮೌಂಡಿನಲ್ಲಿ ಇಂದುಮತಿ ಆಂಟಿಯ ಗರಾಜಿಗೆ ಬಂದು ಕೂತಿದ್ದ. ಜನವರಿಯ ಆ ಭಾನುವಾರ, ಸಂಜೆ ನಾಲ್ಕೂವರೆಗೆ ರಾಹುಕಾಲ ಶುರುವಾಗುವುದರೊಳಗೆ, ಅವನು ಪೇರ್‌ಲ್ಯಾಂಡಿನಲ್ಲಿ ಇಳಿಯಬೇಕು. ಅವನಿಗಿಂತ ಮುಂಚೆ ಸಂಘದ ಟ್ರೇಲರಿನಿಂದ ಒಂದು ಚಮಚವೂ ಇಳಿಯಕೂಡದು. ಜೊತೆಗೆ ಮರದ ಮಂಟಪ, ಅಡುಗೆಯ ದೊಡ್ಡ ಪಾತ್ರೆಗಳು, ಮಡಚುವ ಕುರ್ಚಿಗಳು. ದಾರಿಯಲ್ಲಿ ಆಸ್ಟಿನ್‌ಗೆ ಹೋಗಿ ಸಂಘದವರೇ ಆದ ರಮಾ ಅವರ ಮನೆಯಿಂದ ಎರಡು ಹಿತ್ತಾಳೆ ದೀಪಗಳನ್ನು ಟ್ರೇಲರಿಗೆ ಏರಿಸಿಕೊಳ್ಳಬೇಕು.

ಪ್ರದ್ಯುಮ್ನನ ಹೆಂಡತಿ ಸುಚೇತಾಗೆ ಆ ವಾರ ನಿದ್ದೆ ಹತ್ತಲಿಲ್ಲ. ಅವಳದು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ಓದುವ ಕೆಲಸ. ಹನ್ನೊಂದು ವರ್ಷದಿಂದ ದಿನಕ್ಕೆ ಹದಿನೈದು ಅಪಘಾತ ಓದುತ್ತಿದ್ದವಳಿಗೆ ರಸ್ತೆ ಎಂದರೆ ಇನ್ನೂ ನಡೆಯದ ಅಪಘಾತಗಳ ಸಾಲು.

“ರೀ, ನಮ್ಮ ಗಾಡಿ ಮೂರೂವರೆ ಸಾವಿರ ಪೌಂಡಿಗಿಂತ ಜಾಸ್ತಿ ಎಳೀಬಾರದು ಅಂತ ಪುಸ್ತಕದಲ್ಲಿದೆ. ಆ ಟ್ರೇಲರ್ ಖಾಲಿ ಇದ್ರೇನೇ ಸಾವಿರದೈನೂರು. ಅದರಲ್ಲೂ ನಾಲ್ಕೂ ಕಡೆ ಗೋಡೆ ಇರೋ ಟ್ರೇಲರು, ಗಾಳಿ ಬಂದ್ರೆ...”

“ಏನೂ ಆಗಲ್ಲ ಬಿಡು, ಸುಚಿ.”

ಪ್ರದ್ಯುಮ್ನನಿಗೆ ಈ ಒಂದು ವಾಕ್ಯದ ಮೇಲೆ ಅಪಾರ ನಂಬಿಕೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಆಂಟಿಯ ಮನೆ ಮುಂದೆ ಟ್ರೇಲರ್ ಸಿಕ್ಕಿಸಲು ಹೋದಾಗ, ಅದರ ಮೂತಿಯನ್ನು ಏರಿಸಿ ಇಳಿಸಲು ಒಂದು ತಿರುಗಣೆ ಇತ್ತು. ತಿರುಗಣೆ ತಿರುಗಿಸುವುದು ಕೈಲಾಗದವರ ಕೆಲಸ ಎಂದುಕೊಂಡು ಪ್ರದ್ಯುಮ್ನ ಮೂತಿಯನ್ನು ಕೈಯಲ್ಲೇ ಎತ್ತಿ ಗುಂಡಿನ ಮೇಲೆ ಕೂರಿಸಿದ. ಕಟಕ್ ಎಂದು ಸದ್ದಾಯಿತು.

“ನೋಡಿದ್ಯಾ? ಸರಿಯಾಗಿ ಕೂತ್ಕೊಳ್ತು,” ಎಂದ, ಬಗ್ಗಿಕೊಂಡೇ. ಆಮೇಲೆ, “ಸುಚಿ, ನಂಗೆ ಎದ್ದೇಳೋಕಾಗ್ತಿಲ್ಲ ಕಣೆ,” ಎಂದ. ಸದ್ದಾದದ್ದು ಅವನ ಸೊಂಟದಿಂದ.

ಮೋಟರ್‌ಹೋಮಿನ ಸೋಫಾದ ಮೇಲೆ ಅವನನ್ನು ಒರಗಿಸಿ, ಬೆಲ್ಟು ಬಿಗಿದು, ಬಿಸಿನೀರಿನ ಚೀಲ ತರಲು ಸುಚೇತಾ ಆಂಟಿಯ ಅಡುಗೆಮನೆಗೆ ಓಡಿದಳು. ಹೊರಗೆ ಸಾಮಾನು ತುಂಬುವುದು ನಡೆದಿತ್ತು. ಆಂಟಿಯ ದನಿ ಕಿಟಕಿಯಿಂದ ಕೇಳುತ್ತಿತ್ತು.

“ಮೊದಲು ಇಳೀಬೇಕಾದವನು ಕೊನೇಲಿ ಹತ್ತಬೇಕು. ಬಾಗಿಲು ತೆಗೆದ ತಕ್ಷಣ ಗಣಪತೀನೇ ಕಾಣ್ಬೇಕು! ಉಲ್ಲಾಸ್, ನಿಶಿತಾಗೂ ಒಂದು ಸಾಮಾನಿದೆ, ಎಲ್ಲಾದ್ರೂ ಸೇರಿಸಪ್ಪ. ಹೇಗೂ ಗಾಡಿ ಹೋಗ್ತಿದೆಯಲ್ಲ. ನಾನು ಕುಂಕುಮ ತರ್ತೀನಿ.”

ನಿಶಿತಾ ಎಂದರೆ ಹ್ಯೂಸ್ಟನ್ನಿನ ಮಿಸೌರಿ ಸಿಟಿಯಲ್ಲಿರುವ ಆಂಟಿಯ ಮಗಳು. ಉಲ್ಲಾಸ್ ಸಂಘದ ಕಾರ್ಯದರ್ಶಿ. ಆಂಟಿ ಹೇಳಿದ್ದನ್ನು ಎರಡನೇ ಸಲ ಕೇಳುವ ಅಭ್ಯಾಸ ಅವನಿಗಿಲ್ಲ.

ಸುಚೇತಾ ಚೀಲ ಹಿಡಿದು ಹೊರಬರುವಾಗ ಟ್ರೇಲರ್ ಸೂರಿನವರೆಗೆ ತುಂಬಿತ್ತು. ಹಿಂಬಾಗಿಲ ಅಂಚಿನಲ್ಲಿ, ಎಲ್ಲಕ್ಕೂ ಕೊನೆಗೆ, ದಪ್ಪ ಹಲಗೆಯ ಒಂದು ಪೆಟ್ಟಿಗೆ. ಅದನ್ನು ತಳ್ಳಿ ಉಲ್ಲಾಸನೂ ಇನ್ನಿಬ್ಬರೂ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಟ್ರೇಲರಿನ ಬಾಲ ನೆಲದ ಕಡೆ ಬಾಗಿತ್ತು.

“ಇಷ್ಟು ಭಾರಾನಾ?” ಎಂದಳು.

“ಇನ್ನೊಂದಿಂಚೂ ಒಳಗೆ ಹೋಗಲ್ಲ ಮೇಡಂ,” ಎಂದು ಉಲ್ಲಾಸ್ ಬೆವರು ಒರೆಸಿದ.

ಆಂಟಿ ಆಗಲೇ ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಕೊನೆಯ ಪೆಟ್ಟಿಗೆಗೆ, ಅದರ ಹಿಂದಿದ್ದ ಪೆಟ್ಟಿಗೆಗೆ, ಕುರ್ಚಿಗಳಿಗೆ, ಪಾತ್ರೆಗಳಿಗೆ, ಟ್ರೇಲರಿಗೆ, ಅದು ಸಿಕ್ಕಿಕೊಂಡ ಉಕ್ಕಿನ ಗುಂಡಿಗೆ, ಕೊನೆಗೆ ಸುಚೇತಾಳ ಹಣೆಗೆ, ಯಾವುದಕ್ಕೂ ಕಡಿಮೆಯಾಗದಂತೆ ಬಳಿದರು. ಪೆಟ್ಟಿಗೆಗಳ ಮೇಲೆ ಅಂಟಿಸಿದ್ದ ಚೀಟಿಗಳೆಲ್ಲ ಕೆಂಪಾದವು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಬಂದವು.

“ನೀನೇ ಓಡಿಸ್ಬೇಕು ಸುಚೇತಾ. ಇಂಥಾ ಯೋಗ ಎಲ್ಲಾರಿಗೂ ಬರಲ್ಲ. ಒಂದು ಮಾತು. ಗಣಪತಿಗೆ ಒಂದು ಚೂರು ಏಟಾದ್ರೂ ಭಿನ್ನ ಅಂತಾರೆ, ಪೂಜೆಗೆ ಬರಲ್ಲ. ನಾನು ಉಲ್ಲಾಸನ ಕಾರಲ್ಲಿ ಮುಂದೆ ಹೋಗಿರ್ತೀನಿ. ನಿನ್ನ ಲೊಕೇಶನ್ ಹಂಚ್ಕೊಂಡಿರು, ನೋಡ್ತಿರ್ತೀನಿ.”

ಹೀಗೆ ಭಾರದ ಟ್ರೇಲರ್ ಹಿಂದೆ, ಸೊಂಟ ಹಿಡಿದ ಗಂಡ ನಡುವೆ, ಸುಚೇತಾ ಮುಂದೆ ಕೂತು ಆರೂವರೆಗೆ ಹೊರಟಳು. ಚಕ್ರದ ಕೆಳಗೆ ನಿಂಬೆಹಣ್ಣು ಒಡೆದಾಗ ಟೈರೇ ಒಡೆಯಿತೆಂದು ಕಿರುಚಿದಳು.

*

ಮೊದಲ ಎರಡು ಗಂಟೆ ಏನೂ ಆಗಲಿಲ್ಲ. ಏನೂ ಆಗದಿದ್ದಾಗ ಸುಚೇತಾಗೆ ಭಯ ಹೆಚ್ಚು. ಎರಡು ಕೈಗಳಲ್ಲಿ ಸ್ಟೀರಿಂಗನ್ನು ಬಾವಿಕಟ್ಟೆಯನ್ನು ಹಿಡಿದವಳಂತೆ ಹಿಡಿದು, ನಲವತ್ತೆಂಟು ಮೈಲಿಯ ವೇಗದಲ್ಲಿ ಹೋಗುತ್ತಿದ್ದಳು. ಹಿಂದಿನಿಂದ ಬಂದ ಕಾರುಗಳು ಹಾರ್ನು ಒತ್ತಿ, ಪಕ್ಕಕ್ಕೆ ಬಂದಾಗ ಅವಳ ಮುಖ ನೋಡಿ ಸುಮ್ಮನಾಗಿ ಮುಂದೆ ಹೋಗುತ್ತಿದ್ದವು.

ಫೋನ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಆಂಟಿ.

“ಯಾಕಮ್ಮಾ ನಿನ್ನ ಚುಕ್ಕೆ ಅಲ್ಲಾಡ್ತಾನೇ ಇಲ್ಲ?”

“ಅಲ್ಲಾಡ್ತಿದೆ ಆಂಟಿ, ನಿಧಾನವಾಗಿ ಹೋಗ್ತಿದ್ದೀನಿ.”

“ಇದೇ ಥರ ಹೋದ್ರೆ ರಾಹುಕಾಲದಲ್ಲೇ ಇಳಿಸ್ಬೇಕಾಗತ್ತೆ. ಸ್ವಲ್ಪ ಕಾಲು ಒತ್ತು.”

ವೇಕೋ ಊರು ಇನ್ನೂ ಹತ್ತು ಮೈಲಿ ಇರುವಾಗ ಸುಚೇತಾ ಕಾಲು ಒತ್ತಿದಳು. ಐವತ್ತೈದು. ಐವತ್ತೆಂಟು. ಆಗ ಹದಿನೆಂಟು ಚಕ್ರದ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿ ಮೊದಲು ಆಚೆ ತಳ್ಳಿತು, ಆಮೇಲೆ ಈಚೆ ಎಳೆಯಿತು. ಲಾರಿ ಹೋಯಿತು, ಅಲುಗಾಟ ಹೋಗಲಿಲ್ಲ. ಟ್ರೇಲರ್ ಒಮ್ಮೆ ಎಡಗನ್ನಡಿಯಲ್ಲಿ ಮೂಡಿತು, ಒಮ್ಮೆ ಬಲಗನ್ನಡಿಯಲ್ಲಿ ಮೂಡಿತು, ಹಟಕ್ಕೆ ಬಿದ್ದ ಮಗು ಅಮ್ಮನ ಸೆರಗು ಹಿಡಿದು ಅಂಗಡಿ ಬಾಗಿಲಲ್ಲಿ ಜಗ್ಗಿದ ಹಾಗೆ. ಪ್ರತಿ ಸಲವೂ ಇನ್ನಷ್ಟು ಜೋರಾಗಿ. ಮೋಟರ್‌ಹೋಮಿನ ಹಿಂಬದಿ ರಸ್ತೆಯಿಂದ ಮೇಲೇಳುತ್ತಿದೆ ಅನ್ನಿಸಿತು. ಕಪಾಟಿನೊಳಗೆ ಲೋಟಗಳು ಉರುಳಿದವು.

“ಬ್ರೇಕ್ ಹಾಕು! ಬ್ರೇಕ್ ಹಾಕು!” ಎಂದು ಸೋಫಾದಿಂದ ಪ್ರದ್ಯುಮ್ನ ಕೂಗಿದ.

ಬ್ರೇಕ್ ಹಾಕಿದವರ ಅರ್ಜಿಗಳನ್ನೆಲ್ಲ ಅವಳು ಓದಿದ್ದಳು. ಅವುಗಳಲ್ಲಿ ಹೆಚ್ಚಿನವಕ್ಕೆ ಸಹಿ ಹಾಕಿದ್ದವರು ಅವರ ವಾರಸುದಾರರು. ಅವಳು ಬ್ರೇಕ್ ಮುಟ್ಟಲಿಲ್ಲ. ಸ್ಟೀರಿಂಗ್ ತಿರುಗಿಸಲಿಲ್ಲ. ಕಾಲನ್ನು ಮೆಲ್ಲಗೆ ಮೇಲೆತ್ತಿ, ಬೆನ್ನಹುರಿಯಿಂದ ಬೆರಳ ತುದಿಯವರೆಗೆ ಕಲ್ಲಾಗಿ, “ಅಪ್ಪಾ ಗಣಪತಿ, ಅಪ್ಪಾ ಗಣಪತಿ” ಎನ್ನುತ್ತ ಕೂತಳು. ಐವತ್ತು. ನಲವತ್ತು. ಬಾಲ ಇನ್ನೆರಡು ಸಲ ಬೀಸಿ, ಬೇಸರವಾದಂತೆ ನಿಂತಿತು.

“ಏನೂ ಆಗಲಿಲ್ಲ ನೋಡು,” ಎಂದ ಪ್ರದ್ಯುಮ್ನ. ಆದರೆ ಅವನ ದನಿ ಬೇರೆ ಯಾರದೋ ಆಗಿತ್ತು.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿದು ಅವಳು ಮೊದಲು ಟ್ರೇಲರಿನ ಚಕ್ರಗಳನ್ನು ಎಣಿಸಿದಳು. ದನ ಸಾಗಿಸುವ ಟ್ರಕ್ಕಿಗೆ ಡೀಸೆಲ್ ತುಂಬಿಸುತ್ತಿದ್ದ ಬಿಳಿ ಮೀಸೆಯ ಮುದುಕನೊಬ್ಬ ಟ್ರೇಲರನ್ನು ಒಂದು ಸುತ್ತು ಬಂದ. ತಗ್ಗಿದ ಬಾಲ ನೋಡಿದ. ಮೇಲೆದ್ದ ಮೂತಿ ನೋಡಿದ. ಕುಂಕುಮ ಹಚ್ಚಿದ ಗುಂಡನ್ನು ಕಂಡು, ಯಾರಿಗಾದರೂ ಗಾಯವಾಗಿದೆಯೇ ಎಂದು ವಿಚಾರಿಸಿದ. ಇಲ್ಲ ಎಂದ ಮೇಲೆ ಟೋಪಿ ತೆಗೆದು, ತುಂಬಾ ಮರ್ಯಾದೆಯಿಂದ ಹೇಳಿದ: ಭಾರವೆಲ್ಲ ಹಿಂದಿದೆಯಮ್ಮಾ. ಅತಿ ಭಾರದ್ದು ಚಕ್ರಕ್ಕಿಂತ ಮುಂದೆ ಇರಬೇಕು, ಮೂತಿ ಗುಂಡನ್ನು ಒತ್ತಿ ಹಿಡಿಯಬೇಕು. ಇಳಿಸಬಹುದಾದದ್ದನ್ನು ಇಳಿಸಿಬಿಡು. ಹೀಗೇ ಹೋದರೆ ಮುಂದಿನ ಲಾರಿಗೆ ನೀವೆಲ್ಲ ಹೊಲದಲ್ಲಿರುತ್ತೀರಿ.

“ನೀವೆಲ್ಲ ಅಂದ್ರೆ ಯಾರು?” ಎಂದ ಪ್ರದ್ಯುಮ್ನ, ಒಳಗಿನಿಂದ.

“ನಾನು, ನೀವು, ಗಣಪತಿ,” ಎಂದಳು ಸುಚೇತಾ.

ಬಾಗಿಲು ತೆಗೆದು ಕೊನೆಯ ಪೆಟ್ಟಿಗೆಯನ್ನು ತಳ್ಳಿ ನೋಡಿದಳು. ಅದು ಅವಳ ಕಡೆ ನೋಡಿದ ಹಾಗೆಯೂ ಮಾಡಲಿಲ್ಲ. ಅದರ ಮೇಲೆ ಒಂದು ಬಾಳೆಹಣ್ಣಿಟ್ಟು, ಕೈಮುಗಿದು, ಬಾಗಿಲು ಹಾಕಿದಳು. ಅಲ್ಲಿಂದ ಆಸ್ಟಿನ್‌ವರೆಗೆ ನೂರು ಮೈಲಿ, ನಲವತ್ತನ್ನು ಮೀರದೆ, ಹೆದ್ದಾರಿಯ ಪಕ್ಕದ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿದು ಹೋದಳು. ಆಂಟಿ ಏಳು ಸಲ ಫೋನ್ ಮಾಡಿದರು.

*

ಆಸ್ಟಿನ್ನಿನ ರಮಾ, ಅವರ ಗಂಡ ಅಮರ್ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಸುಚೇತಾಳ ಬಣ್ಣ ನೋಡಿ ರಮಾ ಮೊದಲು ಮಜ್ಜಿಗೆ ತಂದರು. ವಿಷಯ ಕೇಳಿ ಅಮರ್ ಪಕ್ಕದ ಮನೆಯಿಂದ ಫ್ರಿಜ್ ಸಾಗಿಸುವ ಕೈಗಾಡಿಯನ್ನೂ ಮೂರು ಜನ ಗಟ್ಟಿಗರನ್ನೂ ಕರೆತಂದರು.

“ಆದ್ರೆ ಇಂದುಮತಿ ಆಂಟಿ ಹೇಳಿದ್ದು, ಗಣಪತಿ ಮೊದಲು ಇಳೀಬೇಕು ಅಂತ...” ಸುಚೇತಾಗೆ ಈಗ ಎರಡನೆಯ ಭಯ. ಮೊದಲನೆಯದು ಸಾವಿನದು. ಎರಡನೆಯದು ಅದಕ್ಕಿಂತ ಹತ್ತಿರದ್ದು.

ಅಮರ್ ಟ್ರೇಲರಿನ ಮುಂಭಾಗಕ್ಕೆ ಹೋಗಿ ಗೋಡೆ ತಟ್ಟಿದರು. “ಇಲ್ಲಿ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಾಗಿಲಿದೆ ನೋಡಿ. ಭಾರದ ಪೆಟ್ಟಿಗೇನ ಮುಂದೆ, ಈ ಬಾಗಿಲ ಹತ್ತಿರಾನೇ ಇಟ್ಬಿಡೋಣ. ಅಲ್ಲಿ ಹಿಂಬಾಗಿಲು ತೆಗೀಲೇಬೇಡಿ. ಇದನ್ನೇ ತೆಗೀರಿ. ಗಣಪತೀನೇ ಮೊದಲು ಇಳೀತಾನೆ.”

ಸುಚೇತಾಗೆ ಅಳು ಬರುವಷ್ಟು ಸಂತೋಷವಾಯಿತು. ವರ್ಷಗಳ ನಂತರ ಅವಳ ಮುಂದೆ ಒಂದು ಸಮಸ್ಯೆ, ಅದಕ್ಕೊಂದು ಉತ್ತರ, ಎರಡೂ ಒಟ್ಟಿಗೆ ನಿಂತಿದ್ದವು.

ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲ ಇಳಿಸಿ, ಭಾರದ ಪೆಟ್ಟಿಗೆಯನ್ನು ಮುಂದಿನ ಗೋಡೆಗೆ ಒತ್ತಿ ಪಟ್ಟಿಯಿಂದ ಬಿಗಿದರು. ಸುಚೇತಾ ಪಕ್ಕದಲ್ಲೇ ನಿಂತು ಪ್ರತಿ ಕುಲುಕಾಟಕ್ಕೂ “ಅಯ್ಯೋ, ಸೊಂಡಿಲು, ಸೊಂಡಿಲು!” ಎನ್ನುತ್ತಿದ್ದಳು. ಮತ್ತೆ ತುಂಬುವಾಗ ರಮಾ ಎರಡು ದೀಪಗಳನ್ನು ತಂದರು. ಒಂದೊಂದೂ ಆರನೇ ತರಗತಿ ಹುಡುಗಿಯಷ್ಟು ಎತ್ತರ.

“ಇವು ಹತ್ತಬೇಕಾದ್ರೆ ಏನಾದ್ರೂ ಇಳೀಬೇಕು,” ಎಂದಳು ಸುಚೇತಾ. ಈ ಒಂದು ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. “ಇಪ್ಪತ್ತು ಪೌಂಡಾದ್ರೂ ಸರಿ.”

ಬೆಳಿಗ್ಗೆ ಭಾರದ ಪೆಟ್ಟಿಗೆಯ ಹಿಂದೆ ಇದ್ದ ಚಿಕ್ಕ ಪೆಟ್ಟಿಗೆ ಹುಲ್ಲಿನ ಮೇಲಿತ್ತು. ಚೀಟಿಯಲ್ಲಿ ಕುಂಕುಮ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಮರ್ ಅದನ್ನು ಒಬ್ಬರೇ ಎತ್ತಿ ಹೆಗಲಿಗೇರಿಸಿದರು. “ಹಗುರ ಇದೆ. ಅಡಿಕೆ ಹಾಳೆ ತಟ್ಟೆ ಇರ್ಬೇಕು.”

“ಹಾಳೆ ತಟ್ಟೇನಾ?” ರಮಾ ಮುಖ ಅರಳಿತು. “ಸಂಜೆ ಹದಿನೈದು ಜನ ಊಟಕ್ಕೆ ಬರ್ತಿದ್ದಾರೆ ಸುಚೇತಾ. ಒಂದಷ್ಟು ತಗೊಳ್ಲಾ? ಮಿಕ್ಕಿದ್ದು ಮುಂದಿನ ವಾರ ಕಳಿಸ್ತೀವಿ.”

“ಎಲ್ಲಾ ತಗೊಳ್ಳಿ,” ಎಂದಳು ಸುಚೇತಾ, ಧಾರಾಳವಾಗಿ. ಅಮರ್ ಅದನ್ನು ಒಳಗೆ ಒಯ್ದರು. ಗಡಿಯಾರದಲ್ಲಿ ಹನ್ನೆರಡೂ ಹತ್ತು.

*

ಆಸ್ಟಿನ್‌ನಿಂದ ಹ್ಯೂಸ್ಟನ್ ಕಡೆ ಟ್ರೇಲರ್ ಸಾಕಿದ ಹಸುವಿನ ಹಾಗೆ ಹಿಂದೆ ಬಂತು. ಲಾರಿಗಳು ಹಾದುಹೋದವು, ಅದು ಕಿವಿ ಅಲ್ಲಾಡಿಸಿ ಸುಮ್ಮನಾಯಿತು. ಐವತ್ತು ಮೈಲಿಯ ವೇಗದಲ್ಲೂ ಕನ್ನಡಿಗಳೆರಡೂ ಖಾಲಿ. ಸುಚೇತಾ ಮೊದಲ ಬಾರಿಗೆ ಭುಜ ಇಳಿಸಿದಳು. “ಎಷ್ಟು ಶಾಂತವಾಗಿ ಕೂತಿದ್ದಾನೆ ನೋಡಿ, ಮುಂದೆ ಕೂರಿಸಿದ ಮೇಲೆ,” ಎಂದಳು. ಆದರೂ ಪ್ರತಿ ಹೊಂಡಕ್ಕೂ ಅವಳ ಕಣ್ಣಮುಂದೆ ಒಂದು ಸೊಂಡಿಲು ಮುರಿಯುತ್ತಿತ್ತು.

ಪೇರ್‌ಲ್ಯಾಂಡಿನ ಸಭಾಂಗಣ ತಲುಪಿದಾಗ ನಾಲ್ಕೂ ಹನ್ನೆರಡು. ರಾಹುಕಾಲಕ್ಕೆ ಹದಿನೆಂಟು ನಿಮಿಷ. ಇನ್ನೂರು ಜನ, ರೇಷ್ಮೆ ಸೀರೆಗಳು, ಒಂದು ಶಂಖ. ಇಂದುಮತಿ ಆಂಟಿ ಆರತಿ ತಟ್ಟೆ ಹಿಡಿದು ಹಿಂಬಾಗಿಲ ಮುಂದೆ ಸೈನಿಕನಂತೆ ನಿಂತಿದ್ದರು.

“ತೆಗೀರಿ!”

“ಇಲ್ಲ ಆಂಟಿ, ಈ ಕಡೆ,” ಎಂದಳು ಸುಚೇತಾ. ಪಕ್ಕದ ಬಾಗಿಲು ತೆಗೆದಳು. “ಗಣಪತಿ ಇಲ್ಲಿದ್ದಾನೆ. ಇವನಿಗಿಂತ ಮುಂಚೆ ಒಂದು ಚಮಚಾನೂ ಇಳಿಯಲ್ಲ.”

ಆರು ಜನ ಕೈಕೊಟ್ಟರು. ಅವರಲ್ಲಿ ಧಾರವಾಡದ ಬಸವರಾಜ್ ಎಲ್ಲರಿಗಿಂತ ಮುಂದೆ. “ಎಪ್ಪಾ, ಏನ್ ಭಾರ ಅದಾನ್ರೀ ಗಣಪ್ಪ! ಊರಾಗಿನ ಕಡುಬೆಲ್ಲಾ ತಿಂದ್ಕೊಂಡ್ ಬಂದಾನೇನ್ರೀ?”

ಆಂಟಿಯ ಹುಬ್ಬು ಸ್ವಲ್ಪ ಗಂಟಾಯಿತು. “ಅಷ್ಟು ಭಾರ ಇರಬಾರದಲ್ಲ...” ಎಂದರು. ಆದರೆ ಅಷ್ಟರಲ್ಲಿ ಶಂಖ ಊದಿಬಿಟ್ಟರು.

ನಾಲ್ಕೂ ಇಪ್ಪತ್ತೈದು. ಕರ್ಪೂರ ಹೊತ್ತಿತು. ಹೂವು ಬಿತ್ತು. ಸುಚೇತಾ ಕಣ್ಣು ಮುಚ್ಚಿ, ಸೊಂಡಿಲು ನೆಟ್ಟಗಿರಲಪ್ಪಾ ಎಂದು ಬೇಡಿಕೊಂಡಳು. ಬಸವರಾಜ್ ಹಲಗೆ ಎಬ್ಬಿಸಿದರು. ಹುಲ್ಲಿನ ಮಧ್ಯೆ ಕರೀ ಕಲ್ಲು ಕಂಡಿತು: ಅಗಲವಾದ ಬುಡ, ನಡುವೆ ಎದ್ದು ನಿಂತ ನುಣುಪಾದ ಗುಂಡು.

“ಲಿಂಗ ಏನ್ರೀ ಇದು!” ಎಂದು ಬಸವರಾಜ್ ಕೈಮುಗಿದೇಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಶಿವಸ್ತುತಿ ಶುರುಮಾಡಿದರು.

ಆಂಟಿಯ ಪಕ್ಕದಲ್ಲಿ ನಿಂತಿದ್ದ ಮಗಳು ನಿಶಿತಾ ಬಗ್ಗಿ ನೋಡಿದಳು. “ಅಮ್ಮಾ, ದಟ್ಸ್ ಮೈ ಒರಳು ಕಲ್ಲು!” ಎಂದಳು, ಇಡೀ ಸಭೆಗೆ ಕೇಳುವಂತೆ.

ಸ್ತುತಿ ನಿಂತಿತು. ಆರತಿ ತಟ್ಟೆ ಆಂಟಿಯ ಕೈಯಲ್ಲಿ ವಾಲಿತು.

“ಉಲ್ಲಾಸ್! ಎಲ್ಲಾದ್ರೂ ಸೇರಿಸು ಅಂದ್ರೆ ಗಣಪತಿ ಜಾಗದಲ್ಲೇ ಸೇರಿಸ್ತಾರೇನಪ್ಪಾ? ಹೋಗ್ಲಿ, ನನ್ನ ಹಲಸಿನ ಮರದ ಗಣಪತಿ ಎಲ್ಲಿ? ಒಂದೂವರೆ ಅಡಿ, ಹೂವಿನ ಹಾಗಿರ್ತಾನೆ!”

ಹಲಸಿನ ಮರ. ಒಂದೂವರೆ ಅಡಿ. ಹೂವಿನ ಹಾಗೆ. ಸುಚೇತಾಳ ಕಿವಿಯಲ್ಲಿ ಗಾಳಿ ಊದಿತು. ದಿನವಿಡೀ ತಾನು ಬಾಳೆಹಣ್ಣಿಟ್ಟದ್ದು, ಕೈಮುಗಿದದ್ದು, ಬೇಡಿಕೊಂಡದ್ದು ದೋಸೆ ಹಿಟ್ಟು ರುಬ್ಬುವ ಕಲ್ಲಿಗೆ. ಮತ್ತೆ ಅಮರ್ ಹೆಗಲ ಮೇಲೆ ಹೋದದ್ದು...

ಆಗಲೇ ಫೋನ್ ಬಡಿದುಕೊಂಡಿತು. ಅವಳ ಬೆರಳು ಗಡಿಬಿಡಿಯಲ್ಲಿ ಸ್ಪೀಕರನ್ನೇ ಒತ್ತಿತು.

“ಸುಚೇತಾ!” ರಮಾ ದನಿ ಇನ್ನೂರು ಜನರ ನಡುವೆ ಮೊಳಗಿತು. “ನಿಮ್ಮ ತಟ್ಟೆ ಪೆಟ್ಟಿಗೇಲಿ ಗಣಪತಿ ಇದ್ದಾನೆ! ಒಂದು ಗೀರೂ ಆಗಿಲ್ಲ. ಬಂದವನನ್ನ ಸುಮ್ನೆ ಕೂರಿಸೋದು ಹೇಗೆ ಅಂತ ಆರತಿ ಎತ್ತಿ, ನೈವೇದ್ಯ ಮಾಡಿಬಿಟ್ವಿ. ತಪ್ಪಾಯ್ತಾ?”

ಸುಚೇತಾ ನೆಲ ನೋಡಿದಳು. ಮುಂದಿನ ಲಾರಿ ಬಂದೇಬಿಟ್ಟಿತ್ತು.

ಆಂಟಿ ಫೋನನ್ನು ಅವಳ ಕೈಯಿಂದ ತೆಗೆದುಕೊಂಡರು. “ರಮಾ, ಅವನು ನಿಮ್ಮನೇಲಿ ಇಳಿದಾಗ ಗಂಟೆ ಎಷ್ಟು?”

“ಹನ್ನೆರಡೂ ಹತ್ತು ಆಂಟಿ.”

ಆಂಟಿ ಕಣ್ಣು ಮುಚ್ಚಿದರು. ಬೆರಳು ಮಡಚಿದರು. ಕಣ್ಣು ತೆರೆದಾಗ ಅವುಗಳಲ್ಲಿ ನೀರಿತ್ತು.

“ಅಭಿಜಿನ್ ಮುಹೂರ್ತ!” ಎಂದರು. “ಅವನೇ ಆರಿಸ್ಕೊಂಡಿದ್ದಾನೆ. ನಾನು ಹೇಳಿದ ಹಾಗೇ ಎಲ್ಲಾರಿಗಿಂತ ಮೊದಲು ಇಳಿದ!”

ಸಭೆ ಚಪ್ಪಾಳೆ ತಟ್ಟಿತು. ಯಾರೋ ಸುಚೇತಾಳ ಬೆನ್ನು ತಟ್ಟಿದರು. ಅವಳು ಬದುಕಿದೆ ಎಂದುಕೊಂಡಳು. ಅರ್ಧ ನಿಮಿಷ, ಹೆಚ್ಚೆಂದರೆ.

“ಇಳಿದ ಜಾಗದಲ್ಲಿ ಮೂರು ದಿನ ಪೂಜೆ ಆಗ್ಬೇಕು. ಆಮೇಲೆ ಇಲ್ಲಿಗೆ ಕರ್ಕೊಂಡು ಬರೋಣ,” ಆಂಟಿ ಸೆರಗು ಸಿಕ್ಕಿಸಿದರು. “ಮಂಟಪ, ಪಾತ್ರೆ, ದೀಪ ಎಲ್ಲಾ ನಾಳೆ ಬೆಳಿಗ್ಗೆ ಆಸ್ಟಿನ್‌ಗೆ ಹೋಗ್ಬೇಕು. ನಾಳೆ ಸೋಮವಾರ ಹೇಗೂ ಸರ್ಕಾರಿ ರಜ. ಸುಚೇತಾ, ನಿನ್ನ ಕೈಗುಣ ದೊಡ್ಡದಮ್ಮಾ. ನೀನೇ ಓಡಿಸು.”

“ಆಂಟಿ, ನಾನು...”

“ನಿಶಿತಾ, ನಿನ್ನ ಒರಳೂ ಹೋಗ್ಲಿ. ಕಡುಬಿಗೆ ಅಕ್ಕಿ ರುಬ್ಬಬೇಕು. ಹೋದ ತಕ್ಷಣ ಅದೇ ಮೊದಲು ಬೇಕಾಗೋದು.” ಆಂಟಿ ತಿರುಗಿ ಹಿಂಬಾಗಿಲನ್ನು ತೋರಿಸಿದರು. “ಬಸವರಾಜ್, ಎಲ್ಲಾ ಹಾಗೇ ಇರ್ಲಿ. ಆ ಕಲ್ಲು ಮಾತ್ರ ಕೊನೇಲಿ ಹಾಕಿ.”

ಸುಚೇತಾ ಟ್ರೇಲರ್ ಸಿಕ್ಕಿಸಿದ ಗುಂಡಿನ ಕಡೆ ನೋಡಿದಳು. ಕುಂಕುಮ ಇನ್ನೂ ಮಾಸಿರಲಿಲ್ಲ. ಮೋಟರ್‌ಹೋಮಿನೊಳಗೆ ಸೋಫಾ ಕಿರುಗುಟ್ಟಿತು.

“ಏನೂ ಆಗಲ್ಲ ಬಿಡು, ಸುಚಿ,” ಎಂದಿತು ಒಂದು ಕ್ಷೀಣ ದನಿ.